ಕಾಲೇಜು ಗ್ರಂಥಾಲಯದ ಹೊಸ್ತಿಲಲ್ಲಿ ನಿಂತವರು

ಚಿಕ್ಕಬಳ್ಳಾಪುರ ಜಿಲ್ಲೆಯ ಪಟ್ಟಣವೊಂದರ ಕಾಲೇಜು ಗ್ರಂಥಾಲಯದಲ್ಲಿ ಈಚೆಗೆ ಕಂಡ ಪ್ರಸಂಗವಿದು. ಯಾವ ಊರು, ಯಾವ ಕಾಲೇಜು ಎಂಬುದು ಮುಖ್ಯವಲ್ಲ. ಇಂಥದು ಎಲ್ಲಿ ಬೇಕಾದರೂ ನಡೆಯಬಹುದು. ಹಿಂದಿನ ವರ್ಷವಷ್ಟೇ ಅಲ್ಲಿ ಬಿ.ಎ. ಮುಗಿಸಿದ್ದ ಯುವತಿಯೊಬ್ಬಳು ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸರ್ಕಾರಿ ಹುದ್ದೆಯೊಂದಕ್ಕೆ ಅರ್ಜಿ ತುಂಬಬೇಕಿತ್ತು. ಅಂದೇ ಕೊನೆಯ ದಿನವಲ್ಲ, ಆದರೆ ದೂರವೂ ಇರಲಿಲ್ಲ. 'ಸಾರ್, ಅರ್ಧ ಗಂಟೆ ಸಾಕು' ಎಂದಳು. ಗ್ರಂಥಪಾಲಕರು ಕೆಟ್ಟವರಲ್ಲ. 'ಹೋದ ವರ್ಷ ಆಗಿದ್ದರೆ ನಾನೇ ಕೂರಿಸುತ್ತಿದ್ದೆ ಕಣಮ್ಮ. ಈಗ ನಿನ್ನ ಐ.ಡಿ. ಕಾರ್ಡ್ ವಾಪಸು ಆಗಿದೆಯಲ್ಲ' ಎಂದರು. ಅವರ ಬೆನ್ನ ಹಿಂದೆ ಸಾಲಾಗಿ ಏಳು ಕಂಪ್ಯೂಟರುಗಳಿದ್ದವು. ಎರಡರ ಮುಂದೆ ಹುಡುಗರು ಕುಳಿತಿದ್ದರು. ಉಳಿದ ಐದಕ್ಕೆ ಹಸಿರು ಬಟ್ಟೆಯ ಮುಸುಕು.

ಆಕೆ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋದಳು. ಅಂಥ ಅಂಗಡಿಗಳನ್ನು ಎಲ್ಲರೂ ಬಲ್ಲರು. ಜೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಅಳತೆಯ ಫೋಟೊ, 'ಇಲ್ಲಿ ಎಲ್ಲ ಬಗೆಯ ಆನ್‌ಲೈನ್ ಅರ್ಜಿಗಳನ್ನು ಹಾಕಿಕೊಡಲಾಗುವುದು' ಎಂಬ ಫಲಕ. ಅಭ್ಯರ್ಥಿಯ ಆಧಾರ್ ಸಂಖ್ಯೆ, ಜಾತಿ ಪ್ರಮಾಣಪತ್ರ, ಮೊಬೈಲಿಗೆ ಬರುವ ಒ.ಟಿ.ಪಿ., ಅಷ್ಟೇ ಏಕೆ, ಪಾಸ್‌ವರ್ಡ್ ಕೂಡ ಅಂಗಡಿಯ ಹುಡುಗನ ಕೈಗೆ ಹೋಗುತ್ತದೆ. ಆತ ಇಪ್ಪತ್ತು ಜನರ ಸಾಲಿನ ಮುಂದೆ ಕುಳಿತು ಅವಸರದಲ್ಲಿ ಕೀಲಿಗಳನ್ನು ಒತ್ತುತ್ತಾನೆ. ಮೀಸಲಾತಿಯ ಪ್ರವರ್ಗದಲ್ಲಿ '2ಎ' ಇರಬೇಕಾದ ಕಡೆ '2ಬಿ' ಆಯಿತೆಂದರೆ ಅಭ್ಯರ್ಥಿಯ ಒಂದು ವರ್ಷ ಹೋಯಿತು. ಆ ಅಂಗಡಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಲ್ಲದಿದ್ದರೆ ಈ ಊರುಗಳ ಯುವಜನರ ಗತಿ ಇನ್ನೂ ಕಷ್ಟವಾಗುತ್ತಿತ್ತು. ಆದರೆ ಪದವಿ ಪಡೆದ ವ್ಯಕ್ತಿಯೊಬ್ಬಳು ತನ್ನದೇ ಅರ್ಜಿಯನ್ನು ತಾನೇ ತುಂಬಲು ಬೇಕಾದ ಒಂದು ಮೇಜು, ಒಂದು ಕುರ್ಚಿ, ಒಂದು ಪರದೆ ಆ ಪಟ್ಟಣದಲ್ಲಿ ಎಲ್ಲಿಯೂ ಸಿಗುವುದಿಲ್ಲವೆಂದರೆ, ಸಾರ್ವಜನಿಕ ಹಣದಿಂದ ಕೊಂಡ ಐದು ಪರದೆಗಳು ಅದೇ ಹೊತ್ತಿನಲ್ಲಿ ಮುಸುಕು ಹಾಕಿಕೊಂಡು ಕುಳಿತಿವೆಯೆಂದರೆ, ಎಲ್ಲಿಯೋ ಲೆಕ್ಕ ತಪ್ಪಿದೆ.

ಇದು ಸೌಕರ್ಯದ ಪ್ರಶ್ನೆಯಾಗಿ ಉಳಿದಿಲ್ಲ. ಸರ್ಕಾರವೇ ಇದನ್ನು ಅನಿವಾರ್ಯಗೊಳಿಸಿದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2021-22ರಿಂದ ಪದವಿ ಪ್ರವೇಶ, ಪರೀಕ್ಷಾ ಶುಲ್ಕ, ಅಂಕಪಟ್ಟಿ ಎಲ್ಲವೂ ಯು.ಯು.ಸಿ.ಎಂ.ಎಸ್. ಎಂಬ ಏಕೀಕೃತ ಜಾಲತಾಣದ ಮೂಲಕ ಸಾಗತೊಡಗಿದವು. ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶವಿದೆ. ಲೋಕಸೇವಾ ಆಯೋಗ, ಪರೀಕ್ಷಾ ಪ್ರಾಧಿಕಾರ, ರೈಲ್ವೆ, ಬ್ಯಾಂಕು ಎಲ್ಲೆಡೆಯೂ ಕಾಗದದ ಅರ್ಜಿಯ ಕಾಲ ಮುಗಿದಿದೆ. ಪ್ರಭುತ್ವವು ಪ್ರಜೆಯೊಂದಿಗೆ ಮಾತನಾಡುವ ಕಿಟಕಿಯನ್ನು ಅಂತರ್ಜಾಲಕ್ಕೆ ಸ್ಥಳಾಂತರಿಸಿತು. ಆ ಕಿಟಕಿಯ ಬಳಿಗೆ ಹೋಗುವ ದಾರಿಯನ್ನು ಮಾತ್ರ ಅವರವರಿಗೇ ಬಿಟ್ಟಿತು.

'ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ' ಎಂಬ ಮಾತು ತಕ್ಷಣ ಬರುತ್ತದೆ. ಇದೆ, ನಿಜ. 2016ರ ನಂತರ ಡೇಟಾ ಅಗ್ಗವಾದ ಮೇಲೆ ಹಳ್ಳಿಯ ಮನೆಗಳಿಗೂ ಅಂತರ್ಜಾಲ ಬಂದಿದೆ. ಆದರೆ ಮೊಬೈಲು ನೋಡುವುದಕ್ಕೆ, ಕೇಳುವುದಕ್ಕೆ ಒದಗುವ ಸಾಧನ. ಹತ್ತು ಪುಟದ ಅಧಿಸೂಚನೆಯನ್ನು ಓದಿ, ದಾಖಲೆಗಳನ್ನು ನಿಗದಿತ ಗಾತ್ರಕ್ಕೆ ಇಳಿಸಿ ಏರಿಸುವುದಕ್ಕೆ, ಯೋಜನಾ ವರದಿ ಬೆರಳಚ್ಚು ಮಾಡುವುದಕ್ಕೆ, ಎರಡು ಲೇಖನಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದಕ್ಕೆ ಅಂಗೈಯಗಲದ ಪರದೆ ಸಾಲದು. ನಮ್ಮ ನಗರದ ಮಧ್ಯಮವರ್ಗದ ಮನೆಗಳಲ್ಲಿ ಮಕ್ಕಳಿಗೆ ಮೊಬೈಲಿನ ಜೊತೆಗೆ ಲ್ಯಾಪ್‌ಟಾಪನ್ನೂ ಕೊಡಿಸುತ್ತೇವೆ. ಏಕೆ ಕೊಡಿಸುತ್ತೇವೆ ಎಂದು ನಮ್ಮನ್ನೇ ಕೇಳಿಕೊಂಡರೆ ಈ ಆಕ್ಷೇಪಕ್ಕೆ ಉತ್ತರ ಸಿಗುತ್ತದೆ. ಮನೆಯಲ್ಲಿ ಇರುವ ಒಂದೇ ಮೊಬೈಲು ಅಣ್ಣನ ಜೇಬಿನಲ್ಲಿ ಊರೂರು ಸುತ್ತುತ್ತಿರುವಾಗ ತಂಗಿಯ ಪಾಡೇನು ಎಂಬುದು ಬೇರೆಯೇ ಪ್ರಶ್ನೆ.

ಹಿಂದೆ ಸೈಬರ್ ಕೆಫೆಗಳಿದ್ದವು. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭಿಸಿದ ಕೆಲವೇ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಲ್ಲೂ ಅವು ತಲೆಯೆತ್ತಿದವು. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಅವುಗಳ ಮುಂದೆ ಜಾತ್ರೆಯಂತೆ ಜನ ಸೇರುತ್ತಿದ್ದುದು ಹಲವರಿಗೆ ನೆನಪಿರಬಹುದು. ಗಂಟೆಗೆ ಇಷ್ಟು ಎಂದು ಕೊಟ್ಟರೆ ಯಾರಾದರೂ ಕುಳಿತು ತಮಗೆ ಬೇಕಾದುದನ್ನು ತಾವೇ ಹುಡುಕಬಹುದಿತ್ತು. 2004ರ ರಾಜ್ಯ ನಿಯಮಗಳು, 2011ರ ಕೇಂದ್ರ ನಿಯಮಗಳು ಬಳಕೆದಾರರ ಗುರುತು, ದಾಖಲೆ ಇಡುವುದನ್ನು ಕಡ್ಡಾಯ ಮಾಡಿದವು. ಆಮೇಲೆ ಮೊಬೈಲು ಬಂದು ಕೆಫೆಗಳನ್ನು ನುಂಗಿತು. ಉಳಿದವು ಮೇಲೆ ಹೇಳಿದ ಅರ್ಜಿ ಅಂಗಡಿಗಳಾದವು. ಈ ರೂಪಾಂತರದಲ್ಲಿ ಒಂದು ಸಣ್ಣ ಸಂಗತಿ ಕಳೆದುಹೋಯಿತು. ಮೊದಲು ಗಿರಾಕಿಯೇ ಕೀಲಿಮಣೆಯ ಮುಂದೆ ಕೂರುತ್ತಿದ್ದ. ಈಗ ಕೌಂಟರಿನ ಈಚೆ ನಿಂತು ಬೇರೆಯವರು ಒತ್ತುವುದನ್ನು ನೋಡುತ್ತಾನೆ.

ಹಾಗಾದರೆ ಕಾಲೇಜುಗಳ ಕಂಪ್ಯೂಟರು, ಅಂತರ್ಜಾಲ ಯಾರ ಹಣದಿಂದ ಬಂದವು? 2009ರಲ್ಲಿ ಕೇಂದ್ರ ಸರ್ಕಾರ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೂಲಕ ಶಿಕ್ಷಣ ಎಂಬ ರಾಷ್ಟ್ರೀಯ ಮಿಷನ್ ಆರಂಭಿಸಿ, ಬಿ.ಎಸ್.ಎನ್.ಎಲ್. ಮೂಲಕ ಕಾಲೇಜುಗಳಿಗೆ ಬ್ರಾಡ್‌ಬ್ಯಾಂಡ್ ಸಂಪರ್ಕ ಕೊಡಿಸಿತು. ವೆಚ್ಚದ ದೊಡ್ಡ ಪಾಲು ಅದರದೇ. ಅದರ ಬೆನ್ನಿಗೇ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 'ಎನ್-ಲಿಸ್ಟ್' ಯೋಜನೆಯಲ್ಲಿ ಪದವಿ ಕಾಲೇಜುಗಳಿಗೆ ಸಾವಿರಾರು ವಿದ್ವತ್ ಪತ್ರಿಕೆಗಳನ್ನೂ ಇ-ಪುಸ್ತಕಗಳನ್ನೂ ಒದಗಿಸಿತು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಯಂತೂ ಇನ್ನೂ ದೊಡ್ಡದು. 2025ರಿಂದ 2027ರವರೆಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು, 1.8 ಕೋಟಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಸಂಖ್ಯೆಗಳು ಕಣ್ಣು ಕೋರೈಸುವಂತಿವೆ. ಆದರೆ ಈ ಪಟ್ಟಿಯಲ್ಲಿ ಖಾಸಗಿ ಕಾಲೇಜಿನಲ್ಲಿ ಓದುವ ಬಡ ಹುಡುಗನಿಲ್ಲ. ಪದವಿ ಮುಗಿಸಿ ಮನೆಯಲ್ಲಿರುವ ಹುಡುಗಿಯಿಲ್ಲ. ಓದು ಅರ್ಧಕ್ಕೆ ನಿಲ್ಲಿಸಿ ಈಗ ಮತ್ತೆ ಓದಬೇಕೆಂದಿರುವವರಿಲ್ಲ. ತೆರಿಗೆ ಕಟ್ಟುವಾಗ ಮಾತ್ರ ಇವರೆಲ್ಲರೂ ರಾಷ್ಟ್ರದೊಳಗೇ ಇರುತ್ತಾರೆ.

2007ರಲ್ಲಿ ಕೋಲಾರದಿಂದ ಬೇರೆಯಾಗಿ ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಇಲ್ಲಿ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಜಗತ್ತಿನ ಭೂಪಟದಲ್ಲಿ ಮಾಹಿತಿ ತಂತ್ರಜ್ಞಾನದ ರಾಜಧಾನಿ ಎನಿಸಿಕೊಂಡ ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಯಾವುದೂ ದೂರವಲ್ಲ. ಬೆಳಗ್ಗೆ ಬಸ್ಸು ಹತ್ತಿದರೆ ಕಚೇರಿಯ ವೇಳೆಗೆ ರಾಜಧಾನಿಯಲ್ಲಿರಬಹುದು. ಈ ಸಾಮೀಪ್ಯವೇ ಅವುಗಳಿಗೆ ಶಾಪವಾಯಿತೇನೋ. ಓದುವ, ಕೋಚಿಂಗ್ ಪಡೆಯುವ, ಒಳ್ಳೆಯ ಗ್ರಂಥಾಲಯದಲ್ಲಿ ಕೂರುವ ಎಲ್ಲ ಅಗತ್ಯಗಳಿಗೂ 'ಬೆಂಗಳೂರು ಇದೆಯಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೋಗಬಲ್ಲವರು ಹೋಗುತ್ತಾರೆ.

ಹೋಗಲೇಬೇಕಾದ ಸ್ಥಿತಿ ಈ ನೆಲಕ್ಕೆ ಹೊಸದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದವರು. ಅಮೆರಿಕದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ದುಡಿದು, ಬದುಕಿನುದ್ದಕ್ಕೂ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಉಳಿದರು. ಆದರೆ ಅವರು ಮಾಡಿದ ಇನ್ನೊಂದು ಕೆಲಸವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತನ್ನಂತೆ ಇನ್ನೊಬ್ಬ ಹುಡುಗ ನಡೆಯುವಂತಾಗಬಾರದೆಂದು ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳನ್ನು ತೆರೆದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದು ಸಾರಿದ ಅವರು 2005ರ ಜನವರಿಯಲ್ಲಿ ತೀರಿಕೊಂಡರು. ಇಂದು ಈ ನಾಲ್ಕೂ ಪಟ್ಟಣಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಪಕ್ಕದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಿದೆ. ಕಾಲೇಜುಗಳು ಊರಿಗೆ ಬಂದವು. ಅವುಗಳ ಗ್ರಂಥಾಲಯಗಳು ಇನ್ನೂ ಊರಿಗೆ ಬರಬೇಕಾಗಿದೆ.

ಉದ್ಯೋಗಾರ್ಥಿಗಳ ಅರ್ಜಿಗಿಂತ ಗಂಭೀರವಾದ ಅಗತ್ಯಗಳೂ ಇಲ್ಲಿವೆ. ಶಿಡ್ಲಘಟ್ಟ, ಚಿಂತಾಮಣಿ ಎಂದರೆ ರೇಷ್ಮೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನಡೆಯುವುದೇ ಈಗ ಎಲೆಕ್ಟ್ರಾನಿಕ್ ವಿಧಾನದಲ್ಲಿ. ಗೂಡು ಮಾರುವವನಿಗೆ ಕಂಪ್ಯೂಟರು ಅಪರಿಚಿತವಲ್ಲ. ಚಿಂತಾಮಣಿ ಸಮೀಪದ ಕುರುಬೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಕಾಲೇಜಿದೆ. ಹಾಲುತೊಂಡೆ, ಸುಣ್ಣಕಟ್ಟು, ಗಂಟುರೋಗಗಳ ಬಗ್ಗೆ, ಹಿಪ್ಪುನೇರಳೆಯ ಹೊಸ ತಳಿಗಳ ಬಗ್ಗೆ ದಶಕಗಳ ಸಂಶೋಧನೆಯನ್ನು ಓದುವವರು ಅಲ್ಲಿದ್ದಾರೆ. ಪಕ್ಕದ ಹಳ್ಳಿಯ ಹುಳುಮನೆಯಲ್ಲಿ ಒಂದೇ ರಾತ್ರಿಯಲ್ಲಿ ತಟ್ಟೆ ತಟ್ಟೆಯೇ ಹಾಳಾಗಿ ಕುಳಿತವನಿಗೂ ಆ ಓದಿಗೂ ನಡುವೆ ಇರುವ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು. ಕೃಷಿ ವಿಜ್ಞಾನ ಕೇಂದ್ರದ ತರಬೇತಿಗಳಿವೆ, ಇಲಾಖೆಯ ಕರಪತ್ರಗಳಿವೆ, ಅವು ಬೇಕು. ಆದರೆ ಆ ರೈತನ ಮಗಳು ಬಿ.ಎಸ್‌ಸಿ. ಓದಿದ್ದಾಳೆ. ಕರಪತ್ರದ ಹಿಂದಿರುವ ಮೂಲ ಲೇಖನವನ್ನು ಆಕೆ ಓದಬಲ್ಲಳು. ಓದಲು ಆಕೆಗೆ ಅನುಮತಿಯಿಲ್ಲ.

ನೀರಿನ ವಿಷಯವನ್ನೇ ನೋಡಿ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಈ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಎರಡನೇ ಹಂತದವರೆಗಿನ ಸಂಸ್ಕರಣೆ ಸಾಕೇ, ಮೂರನೇ ಹಂತವೂ ಬೇಕೇ ಎಂಬ ಬಗ್ಗೆ ಜಿಲ್ಲೆಯಲ್ಲಿ ವರ್ಷಗಳಿಂದ ಚರ್ಚೆ, ಹೋರಾಟ ನಡೆದಿವೆ. ಈ ಬಗೆಯ ನೀರು, ಅಂತರ್ಜಲ, ಮಣ್ಣಿನ ಬಗ್ಗೆ ಸಂಶೋಧನಾ ಪ್ರಬಂಧಗಳು ಪ್ರಕಟವಾಗಿವೆ. ಆ ನೀರು ಕುಡಿಯುವ ದನ, ಆ ನೀರು ತಾಗಿದ ಬೋರ್‌ವೆಲ್ ಯಾರದೋ ಅವರು ಈ ಪ್ರಬಂಧಗಳನ್ನು ಓದಬೇಕೆಂದರೆ ವಿದೇಶಿ ಪ್ರಕಾಶಕರಿಗೆ ಒಂದು ಲೇಖನಕ್ಕೆ ಸಾವಿರಾರು ರೂಪಾಯಿ ತೆರಬೇಕಾಗಬಹುದು. ಇಲ್ಲವೇ ಚಂದಾ ಇರುವ ಸಂಸ್ಥೆಯ ಗ್ರಂಥಾಲಯದೊಳಗೆ ಕೂರಬೇಕು. ರಾಜಧಾನಿ ಬಳಸಿ ಬಿಟ್ಟ ನೀರು ಪೈಪಿನಲ್ಲಿ ತಾನಾಗಿ ಬರುತ್ತದೆ. ಆ ನೀರಿನ ಕುರಿತಾದ ಅರಿವು ಬರಲು ಐ.ಡಿ. ಕಾರ್ಡು ಬೇಕು.

ಕಾಲೇಜಿನವರ ಕಷ್ಟಗಳನ್ನು ಹಗುರವಾಗಿ ಕಾಣುವಂತಿಲ್ಲ. ಗ್ರಂಥಪಾಲಕರ ಹುದ್ದೆಯೇ ಖಾಲಿಯಿರುವ ಕಡೆ ಸಂಜೆ ಬಾಗಿಲು ತೆರೆದಿಡುವವರು ಯಾರು? ಹೊರಗಿನವನೊಬ್ಬ ಕಾಲೇಜಿನ ಕಂಪ್ಯೂಟರಿನಿಂದ ಯಾರಿಗೋ ಬೆದರಿಕೆ ಪತ್ರ ಕಳಿಸಿದರೆ ಪೊಲೀಸರು ಹುಡುಕಿಕೊಂಡು ಬರುವುದು ಪ್ರಾಂಶುಪಾಲರನ್ನು. ಯು.ಪಿ.ಎಸ್. ಬ್ಯಾಟರಿ ಕೆಟ್ಟರೆ ಹೊಸದು ತರಲು ಮೂರು ಕೊಟೇಶನ್, ಆರು ತಿಂಗಳು. ಇಷ್ಟೆಲ್ಲದರ ನಡುವೆ ಮುಸುಕು ಹಾಕಿಡುವುದೇ ಸುಲಭ. ನ್ಯಾಕ್ ತಂಡ ಬರುವ ವಾರ ಮುಸುಕು ತೆಗೆದರಾಯಿತು! ಅದರ ಮೌಲ್ಯಾಂಕನದಲ್ಲಿ ಗ್ರಂಥಾಲಯದ ಗಣಕೀಕರಣಕ್ಕೆ, ಇ-ಸಂಪನ್ಮೂಲಗಳ ಚಂದಾಕ್ಕೆ, ದಿನನಿತ್ಯದ ಬಳಕೆಗೆ ಅಂಕಗಳಿವೆ. ಊರಿನ ಎಷ್ಟು ಮಂದಿ ಒಳಗೆ ಬಂದರು ಎಂಬುದಕ್ಕೂ ನಾಲ್ಕು ಅಂಕಗಳಿದ್ದಿದ್ದರೆ ಎಷ್ಟೋ ಬಾಗಿಲುಗಳು ಈ ಹೊತ್ತಿಗೆ ತೆರೆದುಕೊಂಡಿರುತ್ತಿದ್ದವು.

ಪರವಾನಗಿಯ ತೊಡಕೂ ನಿಜವೇ. ಚಂದಾ ಕಟ್ಟಿದ ಪತ್ರಿಕೆಗಳನ್ನು ಸಂಸ್ಥೆಯ ಸದಸ್ಯರು ಮಾತ್ರ ಓದಬೇಕೆಂದು ಪ್ರಕಾಶಕರು ಷರತ್ತು ಹಾಕಬಹುದು. ಆದರೆ ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳ ಒಪ್ಪಂದಗಳಲ್ಲಿ, ಗ್ರಂಥಾಲಯಕ್ಕೆ ನಡೆದು ಬಂದು ಅಲ್ಲಿಯೇ ಕುಳಿತು ಓದುವ ಸಾರ್ವಜನಿಕರಿಗೂ ಅವಕಾಶವಿರುವ ಷರತ್ತು ಹೊಸದೇನಲ್ಲ. 6,000 ಕೋಟಿ ರೂಪಾಯಿಯ ಗಿರಾಕಿಗೆ ಅಂಥ ಒಂದು ಸಾಲನ್ನು ಕೇಳಿ ಪಡೆಯುವ ಶಕ್ತಿ ಇಲ್ಲವೇ? ಅಲ್ಲದೆ ಪರವಾನಗಿಯ ಗೊಡವೆಯೇ ಇಲ್ಲದ ಭಂಡಾರಗಳೂ ಬೇಕಾದಷ್ಟಿವೆ. ದೇಶದ ಪಿಎಚ್‌.ಡಿ. ಪ್ರಬಂಧಗಳ ಸಂಗ್ರಹವಾದ 'ಶೋಧಗಂಗಾ', 2018ರಲ್ಲಿ ರಾಷ್ಟ್ರಕ್ಕೆ ಅರ್ಪಿಸಲಾದ ಖರಗ್‌ಪುರ ಐ.ಐ.ಟಿ.ಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ', ಇವೆಲ್ಲ ಸಾರ್ವಜನಿಕರಿಗೆಂದೇ ರೂಪಿಸಿದವು. ಇವನ್ನು ತೋರಿಸಿಕೊಡಲು ಯಾವ ಪ್ರಕಾಶಕನ ಅಪ್ಪಣೆಯೂ ಬೇಡ. ಪಕ್ಕದಲ್ಲಿ ಕೂತು ಹೇಳಿಕೊಡುವ ಒಬ್ಬರು ಬೇಕು.

ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ, ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರ ತಮ್ಮ ಪ್ರಸಿದ್ಧ ಕೃತಿಯಲ್ಲಿ, ಹಿಂದೆ ಪಾಶ್ಚಾತ್ಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿದಿಡುತ್ತಿದ್ದುದನ್ನು ಪ್ರಸ್ತಾಪಿಸುತ್ತಾರೆ. ಕಳುವಿನ ಭಯದಿಂದ ಹುಟ್ಟಿದ ಆ ಸರಪಳಿ ಕಳಚಲು ಶತಮಾನಗಳೇ ಬೇಕಾದವು. ನಮ್ಮ ಹಸಿರು ಮುಸುಕು ಅದರದೇ ವಂಶದ್ದು.

ಸಾರ್ವಜನಿಕ ಗ್ರಂಥಾಲಯಗಳು ಇರುವಾಗ ಕಾಲೇಜುಗಳ ಮೇಲೇಕೆ ಈ ಹೊರೆ ಎಂದು ಕೇಳಬಹುದು. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಿಧಿಸಲು ದಾರಿ ಮಾಡಿಕೊಟ್ಟ ದೂರದೃಷ್ಟಿಯ ಶಾಸನ. ಸ್ಥಳೀಯ ಸಂಸ್ಥೆಗಳು ಆ ಕರವನ್ನು ವಸೂಲಿ ಮಾಡಿ ಬಾಕಿ ಉಳಿಸಿಕೊಳ್ಳುವುದು ಹಳೆಯ ಕಥೆ. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ ಅವುಗಳಲ್ಲಿ ಹೊಸ ಚೈತನ್ಯ ಕಂಡಿದೆ. 'ಅರಿವು ಕೇಂದ್ರ' ಎಂಬ ಹೆಸರಿನಲ್ಲಿ ಅನೇಕ ಕಡೆ ಮಕ್ಕಳಿಗೆ ಕಂಪ್ಯೂಟರು ಸಿಕ್ಕಿದೆ. ಇದು ಸಂತೋಷದ ಸಂಗತಿ. ಆದರೆ ಮಕ್ಕಳ ಗ್ರಂಥಾಲಯಕ್ಕೂ ಪದವೀಧರರ ಅಗತ್ಯಕ್ಕೂ ವ್ಯತ್ಯಾಸವಿದೆ. ಸಂಶೋಧನಾ ಲೇಖನವನ್ನು ಹುಡುಕಿಕೊಡುವ ತರಬೇತಿ ಇರುವುದು ಕಾಲೇಜಿನ ಗ್ರಂಥಪಾಲಕರಿಗೆ. ಸರ್ಕಾರ ಕೆಲವೊಮ್ಮೆ ಇನ್ನೊಂದು ದಾರಿ ಹಿಡಿಯುತ್ತದೆ. 2021ರಲ್ಲಿ ಸರ್ಕಾರಿ ಕಾಲೇಜುಗಳ ಸುಮಾರು 1.5 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕಾರ್ಯಕ್ರಮ ನಡೆಯಿತು. ಕೋವಿಡ್ ಕಾಲದಲ್ಲಿ ಅದು ತಪ್ಪೆನ್ನಲಾಗದು. ಆದರೆ ಹಂಚಿದ ಸಾಧನ ಒಂದು ತಂಡದ ವಿದ್ಯಾರ್ಥಿಗಳೊಂದಿಗೆ ಮನೆಗೆ ಹೋಗಿ ಹಳೆಯದಾಗುತ್ತದೆ. ತೆರೆದ ಕೋಣೆ ಮುಂದಿನ ತಂಡಕ್ಕೂ ಉಳಿಯುತ್ತದೆ.

ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಪ್ರಕಟಣೆಗಳನ್ನು ಉಚಿತವಾಗಿ ಪಡೆಯುವ ಠೇವಣಿ ಗ್ರಂಥಾಲಯಗಳಲ್ಲಿ ಬಹುಪಾಲು ಕಾಲೇಜು, ವಿಶ್ವವಿದ್ಯಾಲಯಗಳವು. ಸಂಸ್ಥೆ ಖಾಸಗಿಯದೇ ಆಗಿದ್ದರೂ ಆ ಪ್ರಕಟಣೆಗಳನ್ನು ನೋಡಲು ಬಂದ ಯಾವ ನಾಗರಿಕನನ್ನೂ ಅವು ಹಿಂದಕ್ಕೆ ಕಳಿಸುವಂತಿಲ್ಲ ಎಂಬುದು ಕಾನೂನು. ಫಿನ್‌ಲ್ಯಾಂಡ್ 2010ರಲ್ಲೇ ಬ್ರಾಡ್‌ಬ್ಯಾಂಡನ್ನು ಕಾನೂನುಬದ್ಧ ಹಕ್ಕನ್ನಾಗಿ ಮಾಡಿತು. ಅಷ್ಟು ದೂರ ಏಕೆ? ನೆರೆಯ ಕೇರಳದಲ್ಲಿ ಹಾಸ್ಟೆಲಿನಲ್ಲಿ ಮೊಬೈಲ್ ಬಳಕೆಗೆ ಹೇರಿದ್ದ ನಿರ್ಬಂಧವನ್ನು ಪ್ರಶ್ನಿಸಿ ಫಹೀಮಾ ಶಿರಿನ್ ಎಂಬ ಪದವಿ ವಿದ್ಯಾರ್ಥಿನಿ ಹೈಕೋರ್ಟಿಗೆ ಹೋದಾಗ, ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ನ್ಯಾಯಾಲಯ 2019ರ ಸೆಪ್ಟೆಂಬರಿನಲ್ಲಿ ತೀರ್ಪು ನೀಡಿತು. ಆ ತೀರ್ಪಿನ ಎರಡೂ ಅರ್ಧಗಳು ಇಲ್ಲಿ ಹೊಂದುತ್ತವೆ. ಅಂಗಡಿಯ ಹುಡುಗನಿಗೆ ಪಾಸ್‌ವರ್ಡ್ ಹೇಳಿ ನಿಲ್ಲುವ ಪದವೀಧರೆ ಶಿಕ್ಷಣದ ಅವಕಾಶವನ್ನೂ ಖಾಸಗಿತನವನ್ನೂ ಒಟ್ಟಿಗೆ ಒತ್ತೆಯಿಡುತ್ತಿದ್ದಾಳೆ.

ಇದಕ್ಕೆ ಹೊಸ ಕಟ್ಟಡ, ಹೊಸ ಯೋಜನೆ, ಹೊಸ ಹೆಸರು ಯಾವುದೂ ಬೇಡ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿಗಳಿವೆ. ಈ ನಾಲ್ಕು ಪಟ್ಟಣಗಳ ಸಮಿತಿಗಳು ಮುಂದಿನ ಸಭೆಯಲ್ಲೇ ಒಂದು ನಿರ್ಣಯ ಮಾಡಬಹುದು. ತರಗತಿಗಳು ಮುಗಿದ ಮೇಲೆ ಸಂಜೆ ಮೂರು ಗಂಟೆ, ಭಾನುವಾರ ಅರ್ಧ ದಿನ, ಬೇಸಿಗೆ ರಜೆಯಲ್ಲಿ ಇಡೀ ದಿನ ನಾಲ್ಕೇ ನಾಲ್ಕು ಕಂಪ್ಯೂಟರುಗಳು ಊರಿನವರಿಗೆ. ಹಳೆಯ ವಿದ್ಯಾರ್ಥಿಗಳಿಗೆ ಕಾರ್ಡು ಹಿಂಪಡೆಯುವ ಬದಲು ಬೇರೆ ಬಣ್ಣದ ಕಾರ್ಡು. ಉಳಿದವರಿಗೆ ವಿಳಾಸದ ಪುರಾವೆ ತೋರಿಸಿ ವರ್ಷಕ್ಕೆ ನೂರು ರೂಪಾಯಿಯ ಸದಸ್ಯತ್ವ, ಕೊಡಲಾಗದವರಿಗೆ ಅದೂ ಬೇಡ. ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಕೊಟ್ಟರೆ ಪೊಲೀಸರ ಭಯವೂ ಅರ್ಧ ಕಡಿಮೆಯಾಗುತ್ತದೆ. ಮೇಲ್ವಿಚಾರಣೆಗೆ ಗ್ರಂಥಾಲಯ ವಿಜ್ಞಾನ ಓದಿ ಕೆಲಸ ಹುಡುಕುತ್ತಿರುವ ಸ್ಥಳೀಯರನ್ನು ಗೌರವಧನದ ಮೇಲೆ ತೆಗೆದುಕೊಳ್ಳಬಹುದು; ಆ ಹಣ ಪುರಸಭೆ, ನಗರಸಭೆಗಳು ಬಾಕಿ ಇಟ್ಟುಕೊಂಡಿರುವ ಗ್ರಂಥಾಲಯ ಕರದಿಂದ ಬಂದರೆ ಇನ್ನೂ ಒಳ್ಳೆಯದು. ಕೋಣೆ ರಸ್ತೆಗೆ ಹತ್ತಿರವಿರಲಿ, ಸಂಜೆ ಹೆಣ್ಣುಮಕ್ಕಳು ಬಂದು ಹೋಗಲು ಬೆಳಕಿರಲಿ. ಹಳ್ಳಿಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದನ್ನು ಸಾರಿಗೆ ಸಂಸ್ಥೆಯವರನ್ನು ಕೇಳಿಕೊಂಡೇ ಮುಚ್ಚುವ ವೇಳೆಯನ್ನು ನಿಗದಿ ಮಾಡಲಿ.